ಉಣ್ಣುವ ಮಾತಿನ ತಪ್ಪೊಪ್ಪುಗಳು

ಕಳೆದ ತಿಂಗಳು ಚನ್ನಪಟ್ಟಣದ ಗೃಹಿಣಿಯೊಬ್ಬರಿಂದ ನಮಗೆ ಒಂದು ಕಾಗದ ಬಂದಿತು. ಅದರೊಡನೆ ಅವರ ಮೊಮ್ಮಗನ ಶಾಲೆಯ ಪುಸ್ತಕದ ಒಂದು ಹಾಳೆಯೂ ಇದ್ದಿತು. ಹುಡುಗನು ಮೂರನೆಯ ತರಗತಿಯವನು. ತನ್ನ ದಿನಚರಿಯನ್ನು ಕುರಿತು ಹತ್ತು ವಾಕ್ಯ ಬರೆದಿದ್ದಾನೆ. 'ಬೆಳಿಗ್ಗೆ ಉಪಹಾರ ಸೇವಿಸಿದೆನು' ಎಂಬ ವಾಕ್ಯದ ಮುಂದೆ ಸರಿಯೆಂಬ ಗುರುತು ಬಿದ್ದಿದೆ. 'ರಾತ್ರಿ ಹಿಟ್ಟು ಉಂಡೆನು' ಎಂಬುದನ್ನು ಕೆಂಪು ಮಸಿಯಿಂದ ಹೊಡೆದು, ಮೇಲೆ 'ಮುದ್ದೆ ತಿಂದೆನು' ಎಂದು ತಿದ್ದಿದೆ. 'ನಾವು ತಲೆತಲಾಂತರದಿಂದ ಹಿಟ್ಟನ್ನೇ ಉಂಡುಕೊಂಡು ಬಂದವರು. ಹುಡುಗನು ಈಗ ಊಟದ ಹೊತ್ತಿನಲ್ಲಿ ನನ್ನನ್ನೇ ತಿದ್ದುವುದಕ್ಕೆ ಮೊದಲು ಮಾಡಿದ್ದಾನೆ. ಮೇಷ್ಟ್ರೇ, ಯಾವುದು ತಪ್ಪು, ಯಾವುದು ಸರಿ, ತಾವೇ ಹೇಳಬೇಕು' ಎಂದು ಆ ತಾಯಿಯವರು ಕೇಳಿರುವರು.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುವೆವು. ಸರಿಯೆಂದು ಗುರುತು ಬಿದ್ದಿರುವ ವಾಕ್ಯದಲ್ಲಿ ತಪ್ಪಿದೆ; ಹೊಡೆದುಹಾಕಿರುವ ವಾಕ್ಯದಲ್ಲಿ ತಪ್ಪಿಲ್ಲ. ತಿದ್ದಿದ ವಾಕ್ಯವಂತೂ ಮೊದಲಿದ್ದುದಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ. ಇದು ಹೇಗೆಂಬುದನ್ನು ವಾಚಕರು ಸಾವಧಾನವಾಗಿ ಕೇಳಬೇಕು.

'ಉಪ' ಎಂಬುದರ ಮುಂದೆ 'ಆಹಾರ' ಬಂದರೆ ಸವರ್ಣದೀರ್ಘ ಸಂಧಿಯಾಗಿ 'ಉಪಾಹಾರ'ವಾಗತಕ್ಕದ್ದು. ಮುಖ್ಯವಾದ ಊಟವಲ್ಲದ, ಅದರ ಪಕ್ಕದಲ್ಲಿರತಕ್ಕ ಚಿಕ್ಕ ಆಹಾರವೆಂದು ಅರ್ಥ. 'ಉಪಹಾರ'ವೂ ಅಪಶಬ್ದವೇನಲ್ಲ; ಆದರೆ ಅದರ ಅರ್ಥವೇ ಬೇರೆ. ದೇವರಿಗೋ ದೊರೆಗೋ ನೆಂಟರಿಗೋ ಒಪ್ಪಿಸುವ ಕಾಣಿಕೆಗೆ ಸಂಸ್ಕೃತದಲ್ಲಿ ಉಪಹಾರವೆಂದು ಹೆಸರು. ಹಿಂದಿಯವರು ಇಂದಿಗೂ ಉಡುಗೊರೆಯನ್ನು ಉಪಹಾರವೆಂದೇ ಕರೆಯುವರು. ಆದಕಾರಣ 'ಉಪಹಾರ ಮಂದಿರ'ವೆಂದು ಬೋರ್ಡು ಬರೆಯಿಸಿಕೊಂಡವರು ನ್ಯಾಯವಾಗಿ ಇಡ್ಲಿಯನ್ನು ಕೊಟ್ಟು ಕೈಮುಗಿಯಬೇಕೇ ಹೊರತು ಹಣ ಕೇಳಕೂಡದು. ನಾವು ಒಂದೆರಡು ಕಡೆ ಈ ವಾದವನ್ನು ಮಂಡಿಸಿದ್ದುಂಟು. ಫಲವಾಗಲಿಲ್ಲ.

ಬೋರ್ಡಿನ ಮಾತು ಬಂದುದರಿಂದ ಒಂದು ವಿಷಯ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೊಸ ಹೆದ್ದಾರಿಯು ೨೦೨೩ರಲ್ಲಿ ತೆರೆದು, ರಾಮನಗರ ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಸಾಗಿದ ಮೇಲೆ, ಹಳೆಯ ರಸ್ತೆಯಲ್ಲಿ ನಡೆಯುತ್ತ ಬೋರ್ಡುಗಳನ್ನು ನಿಧಾನವಾಗಿ ಓದುವ ಸುಖ ನಮ್ಮಂಥ ಮುದುಕರಿಗೆ ದೊರೆತಿದೆ. ಹೋಟೆಲಿನವರಿಗೆ ಅದು ಸುಖವಲ್ಲವೆಂಬುದನ್ನೂ ಬಲ್ಲೆವು. ಈ ರಸ್ತೆಯಲ್ಲಿ 'ಶುದ್ಧ ಶಾಖಾಹಾರಿ' ಎಂಬುದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಶಾಕವೆಂದರೆ ಸೊಪ್ಪುಕಾಯಿ, ಶಾಖೆಯೆಂದರೆ ಕೊಂಬೆ. ಸೊಪ್ಪುಕಾಯಿ ತಿನ್ನುವವನು ಶಾಕಾಹಾರಿ. ಶಾಖಾಹಾರಿ ಎಂಬ ಬಿರುದು ಕನಕಪುರದ ಕಾಡಂಚಿನ ಆನೆಗಳಿಗೆ ಸಲ್ಲತಕ್ಕದ್ದು. ಎದುರು ಸಾಲಿನಲ್ಲಿ 'ಮಾಂಸಹಾರಿ ಊಟ ದೊರೆಯುತ್ತದೆ' ಎಂದಿರುತ್ತದೆ. ಮಾಂಸವೇ ಆಹಾರವಾಗಿ ಉಳ್ಳವನು ಮಾಂಸಾಹಾರಿ. ಮಾಂಸವನ್ನು ಹರಣ ಮಾಡುವವನು, ಎಂದರೆ ಎತ್ತಿಕೊಂಡು ಹೋಗುವವನು, ಮಾಂಸಹಾರಿ. ರಾಮದೇವರ ಬೆಟ್ಟದ ರಣಹದ್ದುಗಳಿಗಾಗಿ ೨೦೧೨ರಲ್ಲಿ ಸರ್ಕಾರದವರು ಧಾಮವನ್ನು ಏರ್ಪಡಿಸಿದರಷ್ಟೆ. ಆ ಹದ್ದುಗಳು ಮಾಂಸಾಹಾರಿಗಳು. ಅಂಗಳದ ಕೋಳಿಮರಿಯನ್ನು ಎತ್ತಿಕೊಂಡು ಹಾರುವ ಗಿಡುಗನು ಮಾತ್ರ ಮಾಂಸಹಾರಿ. ಒಂದು ದೀರ್ಘಾಕ್ಷರದ ಅಂತರ ಇಷ್ಟು.

'ಸ್ವಾದಿಷ್ಟ'ವೂ ಇದೇ ಜಾತಿಯದು. ಶ್ರೇಷ್ಠ, ಕನಿಷ್ಠ, ಜ್ಯೇಷ್ಠ ಎಂಬಲ್ಲಿರುವ ಪ್ರತ್ಯಯವೇ ಇಲ್ಲಿಯೂ ಇರುವುದರಿಂದ 'ಸ್ವಾದಿಷ್ಠ'ವೆಂದು ಮಹಾಪ್ರಾಣ ಹಾಕಿ ಬರೆಯಬೇಕು. ಅಡಿಗೆಯೋ ಅಡುಗೆಯೋ ಎಂದು ಅನೇಕರು ಕೇಳುವರು. ಉಡು ಎಂಬುದರಿಂದ ಉಡುಗೆ, ತೊಡು ಎಂಬುದರಿಂದ ತೊಡುಗೆ ಆದಂತೆ, ಬೇಯಿಸು ಎಂಬರ್ಥದ 'ಅಡು' ಧಾತುವಿನಿಂದ 'ಅಡುಗೆ'. ಅಡಿಗೆಯೆಂಬುದು ಬಹುಕಾಲದಿಂದ ರೂಢಿಯಲ್ಲಿ ಬೆಂದಿರುವ ಮಾತು. ಅದನ್ನು ತಪ್ಪೆಂದು ಹೊಡೆಯಲು ನಾವು ಸಿದ್ಧರಿಲ್ಲ. ನಾವು ಮಾತ್ರ ಅಡುಗೆಯೆಂದೇ ಬರೆಯುತ್ತೇವೆ.

ಇವೆಲ್ಲವೂ ಓದುಬರಹ ಬಲ್ಲವರ ತಪ್ಪುಗಳು. ದೊಡ್ಡ ಮಾತನ್ನು ಎರವಲು ತಂದು ಅದರ ಕೈಕಾಲು ಮುರಿಯುವುದರಿಂದ ಬರತಕ್ಕವು. ಮನೆಯಲ್ಲಿ ಹುಟ್ಟಿ ಬೆಳೆದ ಮಾತಿಗೆ ಈ ವಿಪತ್ತು ಕಡಿಮೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು ೨೦೦೭ರಲ್ಲಿ ಒಂದು ಜಿಲ್ಲೆಯಾದವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ರಾಮನಗರವೇ ಹಿಂದೆ ಕ್ಲೋಸ್‌ಪೇಟೆಯಾಗಿದ್ದಿತು, ಕನಕಪುರವು ಕಾನಕಾನಹಳ್ಳಿಯಾಗಿದ್ದಿತು. ಊರಿಗೂ ಜಿಲ್ಲೆಗೂ ಇಷ್ಟು ಹೆಸರು ಬದಲಾದರೂ ಇಲ್ಲಿಯವರ ರಾತ್ರಿಯ ಊಟಕ್ಕೆ ಹೆಸರೊಂದೇ: ಹಿಟ್ಟು. ರಾಗಿಯ ಹಿಟ್ಟಿನಿಂದ ಮಾಡಿದ ಮುದ್ದೆಗೆ ಹಿಟ್ಟೆಂದೇ ಕರೆಯುವುದು ವ್ಯಾಕರಣಕ್ಕೆ ವಿರೋಧವಲ್ಲ. ಕಾರಣದ ಹೆಸರನ್ನು ಕಾರ್ಯಕ್ಕೆ ಹೇಳುವುದು ಲಕ್ಷಣಾವೃತ್ತಿಯೆಂದು ಶಾಸ್ತ್ರಕಾರರೇ ಒಪ್ಪಿರುವರು. ಮುದ್ದೆಯೆಂಬುದು ಆಕಾರದ ಹೆಸರು. ಬೆಲ್ಲವೂ ಮುದ್ದೆಯಾಗಬಹುದು, ನೆನೆದ ಬಟ್ಟೆಯೂ ಮುದ್ದೆಯಾಗಬಹುದು. ಹಿಟ್ಟು ಎಂಬುದನ್ನು ಸಂಸ್ಕೃತದ 'ಪಿಷ್ಟ'ದ ತದ್ಭವವೆಂದು ಹೇಳುವ ವಾಡಿಕೆಯುಂಟು. ಹಾಗಿದ್ದಲ್ಲಿ ಈ ಹುಡುಗನು ಕೆಂಪು ಗೀಟು ಬೀಳಿಸಿಕೊಂಡದ್ದು ಕುಲೀನವಾದ ಮಾತಿಗೇ.

'ಉಂಡೆನು' ಎಂಬುದನ್ನು 'ತಿಂದೆನು' ಎಂದು ತಿದ್ದಿರುವುದು ಇನ್ನೂ ವಿಚಾರಮಾಡತಕ್ಕದ್ದು. ನಮ್ಮ ಸೀಮೆಯಲ್ಲಿ ಹಿಟ್ಟು, ಅನ್ನ, ಅಂಬಲಿಗಳನ್ನು ಉಣ್ಣುವುದು. ಹಣ್ಣು, ಕಡಲೆಕಾಯಿ, ದೋಸೆ, ವಡೆಗಳನ್ನು ತಿನ್ನುವುದು. ತಿನ್ನುವುದರಲ್ಲಿ ಹಲ್ಲಿನ ಕೆಲಸವಿದೆ. ಹಿಟ್ಟನ್ನಾದರೋ ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ನುಂಗತಕ್ಕದ್ದು. ಎಳೆಯ ಮಗು ತಾಯ ಮೊಲೆಯನ್ನು ಉಣ್ಣುತ್ತದೆ, ತಿನ್ನುವುದಿಲ್ಲ. ನೋವನ್ನು ಸಹ ನಾವು ಉಣ್ಣುವವರೇ. ಇಷ್ಟು ತೂಕದ ಧಾತುವನ್ನು ತೆಗೆದುಹಾಕಿ 'ತಿನ್ನು' ಎಂಬುದನ್ನು ಕೂರಿಸಿದವರು ಹಿಟ್ಟನ್ನು ಅಗಿಯುವವರಿರಬೇಕು. ಇನ್ನೊಂದು ಮಾತು: ಪಟ್ಟಣದ ಮಕ್ಕಳು 'ಅನ್ನ ಬೇಯಿತು' ಎನ್ನುವುದನ್ನು ಕೇಳಿದ್ದೇವೆ. ನೋಯು ಎಂಬುದಕ್ಕೆ ನೊಂದಿತು, ಮೀಯು ಎಂಬುದಕ್ಕೆ ಮಿಂದಿತು ಎಂದಾಗುವಂತೆ, ಬೇಯು ಎಂಬುದಕ್ಕೆ 'ಬೆಂದಿತು' ಎಂದೇ ಆಗಬೇಕು. ಹಳ್ಳಿಯ ಮುದುಕಿಯು 'ಬೆಂದದೆ ಕಣಪ್ಪ' ಎನ್ನುವಾಗ ಕೊನೆಯನ್ನು ತನ್ನ ಸೀಮೆಯ ರೀತಿಯಲ್ಲಿ ಮುಗಿಸಿದರೂ ಧಾತುರೂಪದಲ್ಲಿ ತಪ್ಪುವುದಿಲ್ಲ.

ಹಾಗೆಂದು ನಮ್ಮವರು ದೋಷರಹಿತರೆಂದು ಹೇಳಲಾರೆವು. ನಮ್ಮ ನಾಲ್ಕು ತಾಲ್ಲೂಕಿನವರಿಗೂ ಹಕಾರವೆಂದರೆ ವೈರ. ಹಿಟ್ಟು ಇಟ್ಟಾಗುತ್ತದೆ, ಹಾಲು ಆಲಾಗುತ್ತದೆ, ಹಣ್ಣು ಅಣ್ಣಾಗುತ್ತದೆ, ಹುಳಿ ಉಳಿಯಾಗುತ್ತದೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಮುಂದೆ ನಿಂತು 'ಉಳಿ ಕೊಡಿ' ಎಂದರೆ ಅವರು ಕೊಡತಕ್ಕದ್ದು ಸಾರಿಗೆ ಬರುವುದಿಲ್ಲ. ಆ ಬೊಂಬೆಯ ಮರವನ್ನು ಕೂಡ ಅಲ್ಲಿಯವರು 'ಆಲೆಮರ'ವೆನ್ನುವರು. ಕಡಿದರೆ ಹಾಲು ಸುರಿಯುವ ಆ ಮರ ಹಾಲೆ.

ಮಾತಿನಲ್ಲಿ ಹಕಾರ ಬಿದ್ದುಹೋದರೆ ನಮಗೆ ಅಷ್ಟು ಬೇಸರವಿಲ್ಲ. ಬಾಯಿಯ ಅಭ್ಯಾಸ ಅದು, ಕೇಳುವವರಿಗೆ ಅರ್ಥವಾಗುತ್ತದೆ. ಬೇಸರವಾಗುವುದು, ಇದಕ್ಕೆ ಹೆದರಿ ಇಲ್ಲದ ಕಡೆಯಲ್ಲಿ ಹಕಾರ ತಂದು ಅಂಟಿಸಿದಾಗ. ಒಂದು ಕಡೆ 'ಬಿಸಿ ಬಿಸಿ ಹಕ್ಕಿ ರೊಟ್ಟಿ' ಎಂಬ ಬೋರ್ಡನ್ನು ಕಂಡು ಒಳಗೆ ಹೋಗುವುದೋ ಬೇಡವೋ ಎಂದು ನಿಂತುಬಿಟ್ಟೆವು. ಇದಕ್ಕೆ ಮನೆಯಲ್ಲಿಯೇ ಪರೀಕ್ಷಿಸತಕ್ಕ ಒಂದು ಉಪಾಯವಿದೆ. ಹಳಗನ್ನಡದ ಪಕಾರವೇ, ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ, ಮೆಲ್ಲಮೆಲ್ಲನೆ ಹಕಾರವಾಯಿತು. ಪಾಲ್ ಹಾಲಾಯಿತು, ಪಣ್ ಹಣ್ಣಾಯಿತು, ಪುಳಿ ಹುಳಿಯಾಯಿತು, ಪೆಸರು ಹೆಸರಾಯಿತು. ತಮಿಳರು ಪಕಾರವನ್ನು ಬಿಡಲಿಲ್ಲ. ಕನಕಪುರದ ಕಡೆಯವರಿಗೆ ಗಡಿಯಾಚೆಯ ತಮಿಳು ಅಪರಿಚಿತವಲ್ಲವಷ್ಟೆ. ಅಲ್ಲಿ ಪಾಲ್ ಎಂದರೆ ಇಲ್ಲಿ ಹಾಲು, ಅಲ್ಲಿ ಪಕ್ಕಿ ಎಂದರೆ ಇಲ್ಲಿ ಹಕ್ಕಿ. ಅಕ್ಕಿಗೆ ಅಲ್ಲಿ ಅರಿಸಿ, ಪಕಾರವಿಲ್ಲ. ಆದ್ದರಿಂದ ಇಲ್ಲಿ ಹಕಾರವೂ ಇಲ್ಲ. ಅವರೆ, ಎಣ್ಣೆ, ಉಪ್ಪು, ಎಳ್ಳು, ಉದ್ದು ಇವುಗಳ ಕಥೆಯೂ ಇಷ್ಟೇ. ಪರ್ಪಟದಿಂದ ಬಂದ ಹಪ್ಪಳಕ್ಕೆ ಮಾತ್ರ ಹಕಾರ ಬೇಕು. ಅಪ್ಪಳವೆಂದು ಅಂಗಡಿಯವರು ಎಷ್ಟು ಬರೆದರೂ ಅದು ಕನ್ನಡದ ರೂಪವಲ್ಲ.

ಇನ್ನು ಹಿಟ್ಟಿನ ಸಂಗಡಿಗರನ್ನು ನೋಡೋಣ. ಬಸ್ಸಾರು, ಉಪ್ಸಾರು, ಮಸ್ಸೊಪ್ಪು ಎಂಬ ಹೆಸರುಗಳು ಒರಟಾಗಿವೆಯೆಂದು ಕೆಲವರು ಮೂಗು ಮುರಿಯುವರು. ಶಾಲೆಯ ವ್ಯಾಕರಣದಲ್ಲಿ ಗಮಕಸಮಾಸಕ್ಕೆ ಹುರಿದ ಕಡಲೆಯು ಹುರಿಗಡಲೆಯೆಂದು ನಾವೇ ಎಷ್ಟೋ ವರ್ಷ ಪಾಠ ಹೇಳಿದ್ದೇವೆ. ಬಸ್ಸಾರು ಅದರ ಒಡಹುಟ್ಟು. ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಕಟ್ಟನ್ನು ಬಸಿದು, ಬಸಿದುದಕ್ಕೆ ಖಾರ ಅರೆದು ಹಾಕಿ ಮಾಡಿದ ಸಾರು. ಉಳಿದ ಸೊಪ್ಪುಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಬಸಿದ ಸಾರು ಬಸಿಸಾರಾಗಿ, ನಡುವಣ ಇಕಾರ ಲೋಪವಾಗಿ ಬಸ್ಸಾರು. ಬೆಂದ ಸೊಪ್ಪನ್ನು ಬೇಳೆಯೊಡನೆ ಮಸೆದುದು ಮಸ್ಸೊಪ್ಪು. ಉಪ್ಪಿನ ಸಾರು ಉಪ್ಸಾರು, ತತ್ಪುರುಷ. ಹೆಸರಿನಲ್ಲಿಯೇ ಮಾಡುವ ಕ್ರಮವಿರುವುದರಿಂದ ಹೊಸದಾಗಿ ಬಂದ ಸೊಸೆಗೆ ಅರ್ಧ ಪಾಠ ಅಲ್ಲಿಯೇ ಆಯಿತು. ಪಂಡಿತರ ಮನೆಯ ಮೊಸರನ್ನವಾದರೋ, ಕನ್ನಡದ ಮೊಸರಿಗೆ ಸಂಸ್ಕೃತದ ಅನ್ನವನ್ನು ಬೆರಸಿದ ಅರಿಸಮಾಸ. ಹಳೆಯ ವೈಯಾಕರಣರು ಕಂಡರೆ ಹುಬ್ಬು ಗಂಟಿಕ್ಕತಕ್ಕದ್ದು. ಅರಿಸಮಾಸವೆಂದು ಮೊಸರನ್ನವನ್ನು ಎಲೆಯಲ್ಲಿ ಬಿಟ್ಟವರನ್ನು ನಾವು ಕಂಡಿಲ್ಲ.

ಈಗ ನಮ್ಮ ಲೆಕ್ಕವನ್ನೂ ಒಪ್ಪಿಸಬೇಕು. ಆ ಹಾಳೆಯನ್ನು ನೋಡಿದಾಗ ನಮಗೆ ನಗು ಬರಲಿಲ್ಲ. ಆ ಕೆಂಪು ಗೀಟು ನಮ್ಮದೇ ಆಗಿರಬಹುದಾಗಿದ್ದಿತು. ನಾವು ಹುಟ್ಟಿದ್ದು ಕನಕಪುರ ಸೀಮೆಯ ಹಿಟ್ಟಿನ ಮನೆಯಲ್ಲಿಯೇ. ಮೈಸೂರಿನಲ್ಲಿ ಸಂಸ್ಕೃತವನ್ನು ಓದಿಕೊಂಡು, ಸುಮಾರು ೩೫ ವರ್ಷದ ಕೆಳಗೆ ಮಾಗಡಿ ತಾಲ್ಲೂಕಿನ ಒಂದು ಹಳ್ಳಿಗೆ ಮೇಷ್ಟ್ರಾಗಿ ಹೋದೆವು. ತಲೆಯ ತುಂಬ ಸೂತ್ರಗಳಿದ್ದ ಕಾಲ. 'ನಮ್ಮ ಮನೆಯ ಊಟ' ಎಂದು ಪ್ರಬಂಧ ಬರೆಯಿಸಿದಾಗ ಹುಡುಗನೊಬ್ಬನು 'ನಮ್ಮವ್ವ ಹಿಟ್ಟು ತೊಳಸಿದಳು. ಉಪ್ಸಾರು ಮಾಡಿದಳು. ಎಲ್ಲರೂ ಉಂಡೆವು' ಎಂದು ಬರೆದಿದ್ದನು. ಮೂರು ವಾಕ್ಯ, ಒಂದು ತಪ್ಪಿಲ್ಲ. ನಾವು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, 'ಇದು ದನಕಾಯುವವರ ಕನ್ನಡ' ಎಂದು ಹೇಳಿ, 'ತಾಯಿಯವರು ಪಾಕ ಮಾಡಿದರು. ಎಲ್ಲರೂ ಭೋಜನ ಸ್ವೀಕರಿಸಿದೆವು' ಎಂದು ತಿದ್ದಿದೆವು. ಮಕ್ಕಳು ನಕ್ಕರು. ಅಂದಿನಿಂದ ಆ ಹುಡುಗನ ಪ್ರಬಂಧಗಳಲ್ಲಿ ಅನ್ನ, ತೊವ್ವೆ, ಪಾಯಸಗಳೇ ಬರತೊಡಗಿದವು. ಭಾಷೆ ಸುಧಾರಿಸಿತೆಂದು ನಾವು ಹೆಚ್ಚು ಅಂಕ ಕೊಟ್ಟೆವು.

ಆ ವರ್ಷದ ಕೊನೆಯಲ್ಲಿ ಅವನು ಜ್ವರದಿಂದ ವಾರದವರೆಗೆ ಬರಲಿಲ್ಲ. ಒಂದು ಸಂಜೆ ಅವನ ಮನೆಗೆ ಹೋದೆವು. ಅವನ ತಾಯಿ ಚಾಪೆ ಹಾಸಿ ಕೂರಿಸಿ, 'ಉಂಡೇ ಹೋಗಬೇಕು ಸ್ವಾಮಿ' ಎಂದರು. ಒಲೆಯ ಮೇಲೆ ಬೇಯುತ್ತಿದ್ದ ಹಿಟ್ಟಿನ ವಾಸನೆ ಬರುತ್ತಿದ್ದಿತು. ನಾವು ಮನೆ ಬಿಟ್ಟು ತಿಂಗಳುಗಳಾಗಿದ್ದವು. ಬಹಳ ಹೊತ್ತಾದ ಮೇಲೆ ತಟ್ಟೆಯಲ್ಲಿ ಬಂದದ್ದು ಬಿಸಿ ಅನ್ನ. ಉಂಡು ಬಂದೆವು. ಮರುದಿನ ಪಕ್ಕದ ಮನೆಯ ಹುಡುಗಿಯು ತಾನಾಗಿಯೇ ಹೇಳಿದಳು: 'ಮೇಷ್ಟ್ರು ಹಿಟ್ಟು ಉಣ್ಣೋರಲ್ಲ, ನಗ್ತಾರೆ' ಎಂದು ಮಗನು ಹಟ ಮಾಡಿ ಅತ್ತನಂತೆ, ಆ ತಾಯಿಯು ಹಿತ್ತಿಲ ಬಾಗಿಲಿನಿಂದ ಬಂದು ಇವರ ಮನೆಯಲ್ಲಿ ಒಂದು ಸೇರು ಅಕ್ಕಿಯನ್ನು ಕಡ ಕೇಳಿ ತೆಗೆದುಕೊಂಡು ಹೋದರಂತೆ. ಮಳೆ ಕೈಕೊಟ್ಟ ವರ್ಷ ಅದು. ಆ ಸೇರಕ್ಕಿಯನ್ನು ಅವರು ಯಾವಾಗ ತೀರಿಸಿದರೋ ನಾವು ಕೇಳಲಿಲ್ಲ; ಕೇಳುವ ಮುಖ ನಮಗಿರಲಿಲ್ಲ.

ಅಂದಿನಿಂದ ಬೇರೆ ಸೀಮೆಯ ಮಾತನ್ನು ತಪ್ಪೆನ್ನುವುದಕ್ಕೆ ಮೊದಲು ಎರಡು ಸಲ ಯೋಚಿಸುವ ಅಭ್ಯಾಸವಾಗಿದೆ. ಧಾರವಾಡದ ಕಡೆಯಿಂದ ನಮ್ಮ ಬಂಧುಗಳ ಮನೆಗೆ ಬಂದ ಸೊಸೆಯು 'ಪೇಟೆಯಿಂದ ಪಲ್ಯ ತರಿಸಿರಿ' ಎಂದಾಗ, ಪಲ್ಯವನ್ನು ಮನೆಯಲ್ಲಿ ಮಾಡುವುದು ಬಿಟ್ಟು ಹೋಟೆಲಿನಿಂದ ತರಿಸುವಳೆಂದು ಅತ್ತೆಯವರು ನೊಂದುಕೊಂಡರು. ಅತ್ತಕಡೆ ಪಲ್ಯವೆಂದರೆ ಹಸಿಯ ಸೊಪ್ಪುಕಾಯಿಯೂ ಆಗುತ್ತದೆ. ಅತ್ತೆಯವರು ಅವಳಿಗೆ 'ಹಿಟ್ಟು ಉಣ್ಣಮ್ಮ' ಎಂದು ಹೇಳಿದಾಗ ಆ ಹುಡುಗಿ ಏನೆಂದುಕೊಂಡಳೋ. ಅವಳ ಸೀಮೆಯಲ್ಲಿ ಹಿಟ್ಟೆಂದರೆ ಡಬ್ಬದಲ್ಲಿರುವ ಪುಡಿ. ನಮ್ಮ ಈರುಳ್ಳಿ ಅವರಿಗೆ ಉಳ್ಳಾಗಡ್ಡಿ, ಕರಾವಳಿಯವರಿಗೆ ನೀರುಳ್ಳಿ. ಮೂರರಲ್ಲಿಯೂ ಉಳ್ಳಿ ಒಂದೇ. ನಮ್ಮ ಕಡಲೆಕಾಯಿ ಅವರಿಗೆ ಶೇಂಗಾ, ಕರಾವಳಿಯಲ್ಲಿ ನೆಲಗಡಲೆ. ದಕ್ಷಿಣ ಅಮೆರಿಕದಿಂದ ಬಂದ ಕಾಯಿಗೆ ಯಾರು ಯಾವ ಹೆಸರಿಟ್ಟರೂ ಜಗಳವಾಡಲು ಯಾರಿಗೂ ಹಕ್ಕಿಲ್ಲ. ಮೆಣಸಿನಕಾಯಿಯೂ ಅಂಥದೇ ಪರದೇಶಿ. ಮೆಣಸೆಂಬುದು ನಮ್ಮ ಮಲೆಯ ಕರಿಯ ಕಾಳಿನ ಹೆಸರು. ಪೋರ್ತುಗೀಸರ ಕಾಲದಲ್ಲಿ ಖಾರದ ಹೊಸ ಕಾಯಿ ಬಂದಾಗ, ಮೆಣಸಿನಂತೆ ಉರಿಯುವ ಕಾಯಿ ಎಂದು ಜನರು ಹೆಸರಿಟ್ಟರು. ಕರಾವಳಿಯಲ್ಲಿ ಹೊಸಬನೇ ಮೆಣಸಾಗಿ, ಹಳೆಯವನು ಒಳ್ಳೆಮೆಣಸೆಂದು ಕರೆಸಿಕೊಳ್ಳಬೇಕಾಯಿತು.

ನಮ್ಮ ಹಳ್ಳಿಗಳ 'ಎಸರು' ಇನ್ನೊಂದು. ನಿಘಂಟನ್ನು ನೋಡಿದರೆ ಅದು ಅಕ್ಕಿ ಹಾಕುವುದಕ್ಕೆ ಮೊದಲು ಕುದಿಸುವ ನೀರು. ನಮ್ಮಲ್ಲಿ ಅನೇಕರಿಗೆ ಅದೇ ಸಾರು. ಬ್ರಾಹ್ಮಣರ ಮನೆಗಳಲ್ಲಿ ಬೇಳೆ ತರಕಾರಿ ಹಾಕಿದ ಗಟ್ಟಿ ಪದಾರ್ಥಕ್ಕೆ ಹುಳಿಯೆಂದೂ ತಿಳಿಯಾದುದಕ್ಕೆ ಸಾರೆಂದೂ ಭೇದವುಂಟು. ಒಕ್ಕಲುಮನೆಗಳಲ್ಲಿ ಎರಡೂ ಸಾರೇ. ಕೊತ್ತಂಬರಿಯ ವಿಷಯವನ್ನು ಹೇಳದೆ ಇರಲಾರೆವು. ಸಂಸ್ಕೃತದಲ್ಲಿ ಅದು ಕುಸ್ತುಂಬುರು. ನಡುವೆ ಈ ಸಕಾರ ಎಲ್ಲಿಂದ ಬಂದಿತೆಂದು ಹೇಳುವುದಕ್ಕಾಗಿಯೇ ಪಾಣಿನಿಯು ಅಷ್ಟಾಧ್ಯಾಯಿಯಲ್ಲಿ ಒಂದು ಸೂತ್ರವನ್ನು ಮೀಸಲಿಟ್ಟನು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಮಾನಸೋಲ್ಲಾಸವನ್ನು ರಚಿಸುವಾಗ, ನಮ್ಮ ಹಳಗನ್ನಡದ ಇಡ್ಡಲಿಗೆಯನ್ನು ಹೋಲುವ ಇಡ್ಡರಿಕೆಯನ್ನೂ ದೋಸೆಯನ್ನೂ ನಾಚಿಕೆಯಿಲ್ಲದೆ ಸೇರಿಸಿದನು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುವಾಗಲೆಲ್ಲ ನಮಗೆ ಆ ದೊರೆಯ ನೆನಪಾಗುತ್ತದೆ.

ಚನ್ನಪಟ್ಟಣದ ತಾಯಿಯವರು ಶಾಲೆಗೆ ಹೋಗಿ ಜಗಳವಾಡಬಾರದಾಗಿ ಕೇಳಿಕೊಳ್ಳುವೆವು. ತಿದ್ದಿದವರು ವಯಸ್ಸಿನಲ್ಲಿ ಚಿಕ್ಕವರಿರಬಹುದು. ಈ ಹಾಳೆಯನ್ನು ಮೆಲ್ಲನೆ ಮುಂದಿಟ್ಟರೆ ಸಾಕು. ಮೊಮ್ಮಗನಿಗೆ ಉಪಾಹಾರದ ಪಕಾರಕ್ಕೆ ದೀರ್ಘವನ್ನು ನೀವೇ ಹಾಕಿಕೊಡಿ, ಹಿಟ್ಟನ್ನು ಇದ್ದಂತೆಯೇ ಬಿಡಿ.

ಅವರ ಕಾಗದದ ಕೊನೆಯ ಸಾಲನ್ನು ಮಾತ್ರ ತಿದ್ದದೆ ವಿಧಿಯಿಲ್ಲ. 'ಅವರೆಕಾಯಿಯ ಕಾಲಕ್ಕೆ ತಾವು ನಮ್ಮ ಮನೆಗೆ ದಯಮಾಡಿಸಬೇಕು. ಬಂದವರನ್ನು ಬಡಿಸದೆ ಕಳುಹಿಸುವುದು ನಮ್ಮಲ್ಲಿ ಇಲ್ಲ' ಎಂದು ಬರೆದಿರುವರು. 'ಬಂದವರನ್ನು' ಎಂಬ ದ್ವಿತೀಯೆಯು ಕಳುಹಿಸುವುದಕ್ಕೆ ಸೇರತಕ್ಕದ್ದೆಂದು ಬಲ್ಲೆವು. ಆದರೂ 'ಬಡಿಸದೆ' ಎಂಬುದರ ಪಕ್ಕದಲ್ಲಿಯೇ ಅದನ್ನು ಕಂಡಾಗ ಬಡಿಗೆಯ ನೆನಪಾಗಿ ಬೆನ್ನು ಜುಮ್ಮೆಂದಿತು. 'ಬಂದವರಿಗೆ ಹಿಟ್ಟು ಬಡಿಸದೆ' ಎಂದು ಚತುರ್ಥಿಯಲ್ಲಿ ತಿದ್ದಿ ಇನ್ನೊಂದು ಕಾಗದ ಬರೆದರೆ, ಮಾಗಡಿಯ ಅವರೆ ಪೇಟೆಗೆ ಬರುವ ಹೊತ್ತಿಗೆ ಖಂಡಿತವಾಗಿ ಬರುವೆವು.